ಮಗನ ಹಡಗು ಆಫ್ರಿಕಾ ಸುತ್ತಿ ಹೋಗ್ತಿದೆ, ರಾಕ್ಷಸ ಅಲೆ ನಿಜಾನಾ?

ಪ್ರಶ್ನೆ: ಸರ್, ನಾವು ದಾವಣಗೆರೆಯವರು, ಸಮುದ್ರ ಅಂದ್ರೆ ಮುರುಡೇಶ್ವರಕ್ಕೆ ಹೋದಾಗ ನೋಡಿದ್ದು ಅಷ್ಟೆ. ಮಗ ಡೆಕ್ ಕೆಡೆಟ್ ಆಗಿ, ಅಂದ್ರೆ ಆಫೀಸರ್ ಕೆಲಸ ಕಲಿಯೋನಾಗಿ, ಬಲ್ಕ್ ಕ್ಯಾರಿಯರ್ ಹಡಗಿಗೆ ಸೇರಿದ್ದಾನೆ, ಕಲ್ಲಿದ್ದಲು, ಅದಿರು ಹಾಗೇ ಸುರಿದು ತುಂಬೋ ಹಡಗಂತೆ. ಕೆಂಪು ಸಮುದ್ರದ ಕಡೆ ಗಲಾಟೆ ಅಂತ ಈಗ ದಕ್ಷಿಣ ಆಫ್ರಿಕಾ ಸುತ್ತಿಕೊಂಡು ಯುರೋಪಿಗೆ ಹೋಗ್ತಾರಂತೆ, ಜುಲೈನಲ್ಲಿ ಅಲ್ಲಿ ದಾಟ್ತಾರಂತೆ. ಮೊಬೈಲಲ್ಲಿ ರಾಕ್ಷಸ ಅಲೆ ವಿಡಿಯೋ ನೋಡಿದ ಮೇಲೆ ನನಗೆ ನಿದ್ದೆ ಇಲ್ಲ. ಅಷ್ಟು ದೊಡ್ಡ ಅಲೆ ನಿಜವಾಗ್ಲೂ ಬರುತ್ತಾ? ದೊಡ್ಡ ಹಡಗೂ ಮುಳುಗುತ್ತಾ? ಹಾಗಿದ್ರೆ ಒಬ್ಬೊಬ್ರೇ ಸಣ್ಣ ಹಾಯಿದೋಣೀಲಿ ಭೂಮಿ ಸುತ್ತೋರು ಹೇಗೆ ಬದುಕಿ ಬರ್ತಾರೆ?

ಉತ್ತರ: ಅಕ್ಕಾ, ಬರ್ತದೆ, ನಿಜ. ಮುಳುಗಿದ ದೊಡ್ಡ ಹಡಗೂ ಉಂಟು. ನಿಮಗೆ ಸುಳ್ಳು ಸಮಾಧಾನ ಹೇಳೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ನಾನು ಹಡಗಿಗೆ ಹೋದಾಗ ನನ್ನ ಅಮ್ಮನಿಗೆ ಎಲ್ಲರೂ ಅದನ್ನೇ ಹೇಳಿದ್ರು, ಅದರಿಂದ ಅವಳಿಗೆ ಒಂದು ರಾತ್ರಿಯೂ ನಿದ್ದೆ ಬರಲಿಲ್ಲ. ಆದ್ರೆ ಮೂವತ್ತು ವರ್ಷ ಹಡಗಲ್ಲಿ ದುಡಿದು, ಕೊನೆಗೆ ಕ್ಯಾಪ್ಟನ್ ಆಗಿ ರಿಟೈರ್ ಆದವನಾಗಿ ಒಂದು ಮಾತು ಖಂಡಿತ ಹೇಳ್ತೇನೆ, ನಿಮ್ಮ ಮಗ ಹೋಗ್ತಾ ಇರೋ ದಾರಿಯಲ್ಲಿ ಆ ಅಲೆಗೆ ಒಂದು ಊರು ಉಂಟು, ಒಂದು ಕಾಲ ಉಂಟು, ಬರೋದಕ್ಕಿಂತ ಮೊದಲು ಕೊಡುವ ಸೂಚನೆಯೂ ಉಂಟು. ಅದು ಗೊತ್ತಿರೋ ಕ್ಯಾಪ್ಟನ್ನಿಗೆ ಅಲ್ಲಿಂದ ಪಕ್ಕಕ್ಕೆ ಸರಿಯೋಕೆ ಜಾಗವೂ ಉಂಟು.

ಮೊದಲು ಒಂದು ಗೊಂದಲ ತೆಗೀತೇನೆ. ರಾಕ್ಷಸ ಅಲೆ ಅಂದ್ರೆ ಸುನಾಮಿ ಅಲ್ಲ. ಸುನಾಮಿ ಭೂಕಂಪದಿಂದ ಹುಟ್ಟೋದು, ಆಳ ಸಮುದ್ರದಲ್ಲಿರೋ ಹಡಗಿಗೆ ಅದು ಹಾದುಹೋಗಿದ್ದೂ ಗೊತ್ತಾಗೋದಿಲ್ಲ, ದಡಕ್ಕೆ ಬಂದ ಮೇಲೇ ಅದರ ಅನಾಹುತ. ಇದು ಹಾಗಲ್ಲ, ಇದು ಗಾಳಿಯಿಂದ ಎದ್ದ ಮಾಮೂಲಿ ಅಲೆಗಳ ನಡುವೆಯೇ ಹುಟ್ಟಿ, ಅರ್ಧ ನಿಮಿಷ ತಲೆ ಎತ್ತಿ, ಅಲ್ಲೇ ಕರಗಿ ಹೋಗೋದು.

ಹವಾಮಾನದವರು ಅಲೆ ಎತ್ತರ 5 ಮೀಟರ್ ಅಂತ ಹೇಳಿದ್ರೆ ಎಲ್ಲಾ ಅಲೆ 5 ಮೀಟರ್ ಅಂತ ಅಲ್ಲ. ಬರೋ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗ ತಗೊಂಡು ಅದರ ಸರಾಸರಿ ಹೇಳೋದು ಅದು. ಅದರ ಎರಡು ಪಟ್ಟಿಗಿಂತ ಎತ್ತರ ಇದ್ರೆ ಅದನ್ನ ರಾಕ್ಷಸ ಅಲೆ ಅಂತಾರೆ. ಲೆಕ್ಕದ ಪ್ರಕಾರ ಸುಮಾರು 3000 ಅಲೆಗೆ ಒಂದು ಹಾಗೆ ಬರ್ತದೆ, 10 ಸೆಕೆಂಡಿಗೊಂದು ಅಲೆ ಅಂತ ಹಿಡಿದ್ರೆ ಎಂಟು ಗಂಟೆ ಚಿಲ್ಲರೆಗೆ ಒಂದು ಆಯ್ತು. ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ಕೊಡೋ ಮುನ್ಸೂಚನೆ ನೋಡಿ ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ನಮ್ಮ ಬೋಟಿನವರು "ಮೂರು ಮೀಟರ್ ಅಲ್ವಾ, ಹೋಗ್ಲಿ ಬಿಡಿ" ಅಂದಾಗೆಲ್ಲ ನಾನು ಇದನ್ನೇ ಹೇಳೋದು, ಮೂರು ಅಂದ್ರೆ ಆ ದಿನ ಆರರದ್ದೂ ಒಂದು ಬರಬಹುದು ಅಂತ ಇಟ್ಕೊಂಡೇ ಹೊರಡಿ.

ನಾವಿಕರು ಇದನ್ನ ನೂರಾರು ವರ್ಷದಿಂದ ಹೇಳ್ತಾ ಬಂದಿದ್ರು, ದಡದಲ್ಲಿ ಕೂತವರು ನಂಬಿರಲಿಲ್ಲ, ಹೆದರಿದವನ ಕಣ್ಣಿಗೆ ಎಲ್ಲಾ ದೊಡ್ಡದಾಗೇ ಕಾಣೋದು ಅಂತ ಬಿಟ್ಟುಬಿಟ್ಟಿದ್ರು. 1978ರ ಡಿಸೆಂಬರಲ್ಲಿ ಮ್ಯೂನ್ಶೆನ್ ಅಂತ ಜರ್ಮನಿಯ ದೊಡ್ಡ ಸರಕು ಹಡಗು ಅಟ್ಲಾಂಟಿಕಲ್ಲಿ ಕಾಣೆಯಾಯ್ತು, ಒಬ್ಬರೂ ಉಳೀಲಿಲ್ಲ. ಆಮೇಲೆ ಸಿಕ್ಕಿದ ಒಂದು ಲೈಫ್‌ಬೋಟು ಹಡಗಲ್ಲಿ ನೀರಿಂದ 20 ಮೀಟರ್ ಮೇಲೆ ಕಟ್ಟಿಟ್ಟಿದ್ದು, ಅದನ್ನ ಹಿಡಿದಿದ್ದ ಕಬ್ಬಿಣದ ಪಿನ್ನುಗಳು ಬಗ್ಗಿಹೋಗಿದ್ವು. 20 ಮೀಟರ್ ಎತ್ತರಕ್ಕೆ ನೀರು ಬಂದು ಹೊಡೆದಿದೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಆದ್ರೂ ಎಲ್ಲರೂ ಒಪ್ಪಿದ್ದು 1995ರ ಜನವರಿ 1ರಂದು, ನಾರ್ವೆಯ ಉತ್ತರ ಸಮುದ್ರದಲ್ಲಿರೋ ಡ್ರಾಪ್ನರ್ ಅನ್ನೋ ಗ್ಯಾಸ್ ಪ್ಲಾಟ್‌ಫಾರ್ಮಿನ ಲೇಸರ್ ಉಪಕರಣ ಒಂದು ಅಲೆ ಅಳೆದ ಮೇಲೆ. ಸುತ್ತಲಿನ ಅಲೆ 12 ಮೀಟರ್ ಹತ್ತಿರ, ಇದೊಂದು 25.6 ಮೀಟರ್. ಎಂಟು ಮಹಡಿ ಕಟ್ಟಡ ಅನ್ಕೊಳ್ಳಿ. ಅದೇ ವರ್ಷ ಸೆಪ್ಟೆಂಬರಲ್ಲಿ ಕ್ವೀನ್ ಎಲಿಜಬೆತ್ 2 ಅನ್ನೋ ಪ್ರಯಾಣಿಕರ ಹಡಗಿಗೆ ಲೂಯಿಸ್ ಚಂಡಮಾರುತದ ಹತ್ತಿರ 29 ಮೀಟರ್ ಹತ್ತಿರದ ಅಲೆ ಸಿಕ್ತು. ಸತ್ತವರ ಮಾತು ಹೋಗ್ಲಿ, ಬದುಕಿ ಬಂದವರ ಮಾತನ್ನಾದ್ರೂ ಮೊದಲೇ ನಂಬಿದ್ರೆ ಎಷ್ಟೋ ಹಡಗನ್ನ ಇನ್ನೂ ಗಟ್ಟಿ ಕಟ್ಟಬಹುದಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರೀತದೆ.

ಈಗ ನಿಮ್ಮ ಮಗನ ದಾರಿಗೆ ಬರ್ತೇನೆ. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿಗೆ ಅಂಟಿಕೊಂಡು, ಡರ್ಬನ್ ಕಡೆಯಿಂದ ಕೆಳಗೆ ನೈಋತ್ಯಕ್ಕೆ, ಅಗುಲ್ಹಾಸ್ ಅನ್ನೋ ಬಿಸಿ ಪ್ರವಾಹ ಹರೀತದೆ. ಸಮುದ್ರದೊಳಗೇ ಒಂದು ನದಿ ಅನ್ನಿ, ಕೆಲವು ಕಡೆ 4 ನಾಟ್‌ಗಿಂತ ಜಾಸ್ತಿ ವೇಗ, ಅಂದ್ರೆ ಗಂಟೆಗೆ ಏಳು ಕಿಲೋಮೀಟರಿಗಿಂತ ಮೇಲೆ. ಜುಲೈ ಅಂದ್ರೆ ಅಲ್ಲಿ ಚಳಿಗಾಲ, ಆ ಪ್ರವಾಹಕ್ಕೆ ಎದುರಾಗಿ ದಕ್ಷಿಣ ಸಾಗರದ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಉದ್ದುದ್ದ ಅಲೆಗಳು ನೈಋತ್ಯದಿಂದ ಬರ್ತವೆ. ಎರಡೂ ಮುಖಾಮುಖಿ.

ಮುಖಾಮುಖಿ ಆದ್ರೆ ಏನಾಗ್ತದೆ ಅಂತ ನಾನು ಕಲಿತದ್ದು ಯಾವ ಕಾಲೇಜಲ್ಲೂ ಅಲ್ಲ, ಗಂಗೊಳ್ಳಿ ಅಳಿವೆಯಲ್ಲಿ. ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಬಾಯಿ, ಅಲ್ಲಿ ಪಂಚಗಂಗಾವಳಿ ಬಂದು ಸೇರ್ತದೆ. ನನಗೆ ಹತ್ತು ಹನ್ನೊಂದು ವರ್ಷ, ಮಾವನ ದೋಣಿಯಲ್ಲಿ ಕೂತಿದ್ದೆ, ಹೊರಗೆ ಸಮುದ್ರ ಏನೂ ಅಷ್ಟು ಜೋರಿಲ್ಲ, ಒಳಗೆ ಹೊಳೆಯೂ ಶಾಂತ, ಆದ್ರೆ ಇಳಿತದ ಹೊತ್ತು, ಹೊಳೆ ನೀರೆಲ್ಲ ಹೊರಗೆ ನುಗ್ತಾ ಇತ್ತು, ಹೊರಗಿನ ಅಲೆ ಒಳಗೆ ಬರ್ತಾ ಇತ್ತು, ಅವೆರಡು ಸೇರೋ ಗೆರೆಯಲ್ಲಿ ಮಾತ್ರ ಅಲೆಗಳು ಹತ್ತಿರ ಹತ್ತಿರ ಬಂದು ಗೋಡೆ ಹಾಗೆ ನೆಟ್ಟಗೆ ನಿಂತು ಮುರೀತಾ ಇದ್ವು. ಮಾವ ದೋಣಿ ತಿರುಗಿಸಿ ಒಳಗೇ ಲಂಗರು ಹಾಕಿ ಹೇಳಿದ್ರು, "ಇಳ್ತದ ಹೊತ್ತಿಗೆ ಅಳ್ವಿ ದಾಟುಕಾಗ ಮಗಾ." ಭರತ ಏರೋ ತನಕ ಎರಡು ಗಂಟೆ ಅಲ್ಲೇ ಕಾದು ಆಮೇಲೆ ಹೋದ್ವಿ, ಅದೇ ಜಾಗ, ಆಗ ಅಲ್ಲಿ ಅಂಥ ಅಲೆಯೇ ಇರಲಿಲ್ಲ. ಅಗುಲ್ಹಾಸ್ ಅಂದ್ರೆ ಅದೇ ಅಳಿವೆ, ನೂರಾರು ಮೈಲಿ ಉದ್ದದ್ದು, ಇಳಿತ ಯಾವತ್ತೂ ನಿಲ್ಲದ್ದು.

ಸ್ವಲ್ಪ ಲೆಕ್ಕ ಹೇಳ್ತೇನೆ, ಬೇಡ ಅಂದ್ರೆ ಬಿಟ್ಟು ಮುಂದೆ ಓದಿ. 12 ಸೆಕೆಂಡಿಗೊಮ್ಮೆ ಬರೋ ಅಲೆಗೆ ಆಳ ನೀರಲ್ಲಿ ಒಂದು ತಲೆಯಿಂದ ಇನ್ನೊಂದು ತಲೆಗೆ ಸುಮಾರು 225 ಮೀಟರ್ ದೂರ. ಎದುರಿಂದ 4 ನಾಟ್ ಪ್ರವಾಹ ಬಂದ್ರೆ ಆ ದೂರ 175ರ ಆಸುಪಾಸಿಗೆ ಕುಗ್ತದೆ, ಎತ್ತರ ಮೂವತ್ತು ಪರ್ಸೆಂಟ್ ಹತ್ತಿರ ಏರ್ತದೆ. ಎತ್ತರ ಏರಿ ಉದ್ದ ಕುಗ್ಗಿದ್ರೆ ಏರು ಕಡಿದಾಯ್ತು. ಘಾಟಿ ರಸ್ತೆ ಹಾಗೆ ಅಂತ ತಿಳ್ಕೊಳ್ಳಿ, ಬೆಟ್ಟ ಎಷ್ಟು ಎತ್ತರ ಅನ್ನೋದು ಲಾರಿಗೆ ಕಷ್ಟ ಅಲ್ಲ, ಎಷ್ಟು ಕಡಿದು ಅನ್ನೋದು ಕಷ್ಟ. ಅದರ ಮೇಲೆ ಪ್ರವಾಹ ಭೂತಗನ್ನಡಿ ಹಾಗೆ ಅಲೆಗಳನ್ನ ಬಗ್ಗಿಸಿ ಒಂದೇ ಕಡೆಗೆ ಒಟ್ಟು ಮಾಡ್ತದೆ, ಬೇರೆ ಬೇರೆ ದಿಕ್ಕಿಂದ ಬಂದ ಎರಡು ಮೂರು ಅಲೆ ಒಂದರ ಮೇಲೊಂದು ಕೂತ್ರೆ ಮುಗೀತು.

ಅಲ್ಲಿನವರು ಇನ್ನೊಂದು ಮಾತು ಹೇಳ್ತಾರೆ, ಸಮುದ್ರದಲ್ಲಿ ಗುಂಡಿ ಅಂತ. ದೊಡ್ಡ ಅಲೆಯ ಮುಂದೆ ಅಷ್ಟೇ ದೊಡ್ಡ ತಗ್ಗು ಇರ್ತದೆ, ಹಡಗಿನ ಮೂತಿ ಮೊದಲು ಆ ತಗ್ಗಿಗೆ ಇಳೀತದೆ, ಮತ್ತೆ ಏಳೋದಕ್ಕಿಂತ ಮೊದಲೇ ಅಲೆ ತಲೆ ಮೇಲೆ. ಆ ಭಾಗದ ನಕ್ಷೆಯಲ್ಲೇ ಎಚ್ಚರಿಕೆ ಅಚ್ಚು ಹಾಕಿರ್ತಾರೆ, ದಡದಾಚೆಯ ಕಡಿಮೆ ಆಳದ ತಳ ಮುಗಿದು ಸಮುದ್ರ ಒಮ್ಮೆಗೇ ಆಳ ಆಗೋ ಅಂಚಿನಿಂದ ಹೊರಗೆ 20 ಮೈಲಿವರೆಗೆ, ಮುಂದೆ ಆಳ ತಗ್ಗು ಇರೋ, 20 ಮೀಟರ್ ತನಕದ ಅಸಹಜ ಅಲೆ ಸಿಗಬಹುದು ಅಂತ. ಕೇಪ್ ಟೌನ್ ವಿಶ್ವವಿದ್ಯಾಲಯದ ಮ್ಯಾಲರಿ ಅನ್ನೋರು 1970ರ ದಶಕದಲ್ಲಿ ಪೆಟ್ಟು ತಿಂದ ಹಡಗುಗಳ ವರದಿ ಒಟ್ಟು ಮಾಡಿ ನೋಡಿದ್ರು, ಎಲ್ಲಾ ಪೆಟ್ಟೂ ಆ ಅಂಚಿನ ಸುತ್ತಲೇ ಬಿದ್ದಿತ್ತು. 1909ರ ಜುಲೈನಲ್ಲಿ ವಾರಟಾ ಅನ್ನೋ ಹಡಗು 211 ಜನರ ಸಮೇತ ಡರ್ಬನ್‌ನಿಂದ ಕೇಪ್ ಟೌನಿಗೆ ಹೊರಟು ಇದೇ ನೀರಲ್ಲಿ ಕಾಣೆಯಾಗಿದ್ದು, ಇವತ್ತಿಗೂ ಅವಶೇಷ ಸಿಕ್ಕಿಲ್ಲ. 1968ರ ಜೂನಲ್ಲಿ ವರ್ಲ್ಡ್ ಗ್ಲೋರಿ ಅನ್ನೋ ಎಣ್ಣೆ ಹಡಗು ಇಲ್ಲೇ ಎರಡು ತುಂಡಾಯ್ತು.

ಹಾಗಾದ್ರೆ ಹಡಗಿನವರು ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಕೇಳ್ತೀರಿ. ಪ್ರವಾಹ ಬೆನ್ನಿಗಿದ್ರೆ 13 ನಾಟ್ ಹಡಗು 17 ಓಡ್ತದೆ, ಎಣ್ಣೆ ಉಳೀತದೆ, ಟೈಮ್ ಉಳೀತದೆ. ಹವಾ ಒಳ್ಳೇದಿದ್ದಾಗ ಅದರಲ್ಲಿ ತಪ್ಪೂ ಇಲ್ಲ. ತಪ್ಪಾಗೋದು ಸೂಚನೆ ಬಂದ ಮೇಲೂ ಅಲ್ಲೇ ಕೂತ್ರೆ.

ನಾನು ಸೆಕೆಂಡ್ ಆಫೀಸರ್ ಆಗಿದ್ದಾಗ ಹಾಗೆ ಕೂತಿದ್ವಿ. ರಿಚರ್ಡ್ಸ್ ಬೇಯಲ್ಲಿ ಕಲ್ಲಿದ್ದಲು ತುಂಬಿಸ್ಕೊಂಡು ಯುರೋಪಿಗೆ ಹೊರಟ ಬಲ್ಕ್ ಕ್ಯಾರಿಯರ್, ಜುಲೈ ತಿಂಗಳು. ಬೆಳಿಗ್ಗೆಯಿಂದ ಈಶಾನ್ಯ ಗಾಳಿ, ಬೆನ್ನಿಗೆ ಹಿತವಾಗಿ, ಬ್ಯಾರೋಮೀಟರ್ ಇಳೀತಾ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ನಾನು ವಾಚಿಗೆ, ಅಂದ್ರೆ ಪಾಳಿಗೆ, ಬಂದಾಗ ಗಾಳಿ ಪೂರ್ತಿ ನಿಂತಿತ್ತು, ಅರ್ಧ ಗಂಟೆಯಲ್ಲಿ ನೈಋತ್ಯದಿಂದ ಬಾಗಿಲು ಒದ್ದ ಹಾಗೆ ಬಂತು. ಅಕ್ಕಾ, ಆ ಕರಾವಳಿಯ ಸೂಚನೆ ಅಂದ್ರೆ ಇದೇ, ಈಶಾನ್ಯ ಗಾಳಿ, ಇಳಿಯೋ ಬ್ಯಾರೋಮೀಟರ್, ಒಂದು ಮೌನ, ಆಮೇಲೆ ನೈಋತ್ಯ. ನಾನು ಕ್ಯಾಪ್ಟನ್ನಿಗೆ ಫೋನ್ ಮಾಡಿ 200 ಮೀಟರ್ ಗೆರೆಯ ಒಳಗೆ ಹೋಗೋಣವಾ ಅಂತ ಕೇಳಿದೆ. ಅಂದ್ರೆ ಸಮುದ್ರದ ಆಳ 200 ಮೀಟರ್‌ಗಿಂತ ಕಡಿಮೆ ಇರೋ ದಡದ ಕಡೆಗೆ, ಅಲ್ಲಿ ಪ್ರವಾಹದ ಜೋರು ಕಡಿಮೆ, ಹಾಗಾಗಿ ಅಲೆಯೂ ನೆಟ್ಟಗೆ ನಿಲ್ಲೋದಿಲ್ಲ. ಸಂಜೆ ತನಕ ನೋಡೋಣ, ಈ ಸ್ಪೀಡ್ ಬಿಡೋದು ಬೇಡ ಅಂದ್ರು.

ಮೂರು ಗಂಟೆ ಹೊತ್ತಿಗೆ, ನಾನು ಕಿಟಕಿ ಹತ್ತಿರ ನಿಂತಿದ್ದೆ, ಮುಂದೆ ಸಮುದ್ರವೇ ಇಲ್ಲ ಅನ್ನಿಸ್ತು. ಅಲೆ ಇಳಿದ ಮೇಲೆ ಮೂತಿ ಮೇಲೆ ಬರಬೇಕಲ್ಲ, ಬರಲಿಲ್ಲ, ಇಳೀತಾನೇ ಹೋಯ್ತು. ಆಮೇಲೆ ಎದುರಿಗೆ ಒಂದು ಬೂದು ಹಸಿರು ಗೋಡೆ, ತುದಿಯಲ್ಲಿ ಬಿಳಿ ಇನ್ನೂ ಮೂಡಿರಲಿಲ್ಲ, ಅಷ್ಟು ನಯವಾಗಿತ್ತು. ನೊರೆ ಅಲ್ಲ, ಹಸಿರು ನೀರೇ ಒಂದನೇ ಹ್ಯಾಚಿನ, ಅಂದ್ರೆ ಸರಕು ಇಳಿಸೋ ಬಾಯಿಯ, ಮೇಲೆ ಬಂದು ಕೂತಿತು, ಮುಂದಿನ ಕಂಬ ಕಾಣಲಿಲ್ಲ, ಹಡಗು ತಲೆಯಿಂದ ಬುಡದವರೆಗೆ ನಡುಗ್ತು, ಆ ನಡುಕ ಕಾಲಿನಿಂದ ಹಲ್ಲಿಗೆ ಬಂತು. ಚುಕ್ಕಾಣಿ ಹಿಡಿದಿದ್ದ ಹುಡುಗ ದೇವರ ಹೆಸರು ಹೇಳ್ತಾನೇ ಇದ್ದ, ಆದ್ರೆ ಕೈ ಬಿಡಲಿಲ್ಲ. ಮೂತಿ ಎದ್ದು ಬರೋಕೆ ಎಷ್ಟು ಹೊತ್ತು ಹಿಡೀತೋ, ನನ್ನ ಲೆಕ್ಕಕ್ಕೆ ಅದು ಒಂದು ಜನ್ಮ. ಕ್ಯಾಪ್ಟನ್ ಮೇಲೆ ಓಡಿ ಬಂದು ಇಂಜಿನ್ ಇಳಿಸಿದ್ರು, ಅಲೆಗೆ ಅಡ್ಡ ಬೀಳದ ಹಾಗೆ ನಿಧಾನ ದಡದ ಕಡೆ ಸರಿಸಿದ್ರು, ಕತ್ತಲಾಗೋ ಹೊತ್ತಿಗೆ 200 ಮೀಟರ್ ಗೆರೆಯ ಒಳಗಿದ್ವಿ, ಅದೇ ಗಾಳಿ, ಅಲೆ ಮಾತ್ರ ಬೇರೆ.

ಮಾರನೇ ದಿನ ಗಾಳಿ ತಗ್ಗಿದ ಮೇಲೆ ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ ಜೊತೆ ಮೂತಿಗೆ ಹೋಗಿ ನೋಡಿದ್ರೆ ರೇಲಿಂಗು ಮುರಿದ ಕೊಡೆಯ ಕಡ್ಡಿ ಹಾಗೆ ಹಿಂದಕ್ಕೆ ಮಡಚಿತ್ತು, ಗಾಳಿ ಕೊಳವೆ ಒಂದರ ಅಣಬೆ ತಲೆ ಬುಡದಿಂದಲೇ ಹಾರಿಹೋಗಿತ್ತು, ಆ ತೂತಿಂದ ನೀರಿಳಿದು ಕೆಳಗಿನ ಸ್ಟೋರಲ್ಲಿ ಎದೆ ಮಟ್ಟ ನೀರು, ಪೇಂಟ್ ಡಬ್ಬಿ, ಹಗ್ಗ ಎಲ್ಲ ತೇಲ್ತಾ ಇತ್ತು. ಬೋಸನ್ ಏನೂ ಮಾತಾಡದೆ ಆ ತೂತಿನ ಮೇಲೆ ಕೈ ಇಟ್ಟು ನಿಂತಿದ್ರು.

ಅವರು ಯಾಕೆ ಹಾಗೆ ನಿಂತ್ರು ಅಂತ ಅರ್ಥ ಆಗಬೇಕಾದ್ರೆ ಡರ್ಬಿಶೈರ್ ಕಥೆ ಗೊತ್ತಿರಬೇಕು, ಬಲ್ಕ್ ಕ್ಯಾರಿಯರಲ್ಲಿ ದುಡಿಯೋರೆಲ್ಲರಿಗೂ ಅದು ಗೊತ್ತಿರಬೇಕು. 300 ಮೀಟರ್ ಹತ್ತಿರ ಉದ್ದದ ಬ್ರಿಟಿಷ್ ಹಡಗು, ಕಬ್ಬಿಣದ ಅದಿರು ತುಂಬಿಕೊಂಡು ಕೆನಡಾದಿಂದ ಜಪಾನಿಗೆ ಹೋಗ್ತಾ 1980ರ ಸೆಪ್ಟೆಂಬರಲ್ಲಿ ಆರ್ಕಿಡ್ ಅನ್ನೋ ಟೈಫೂನಲ್ಲಿ ಮುಳುಗಿತು, 44 ಜನ ಹೋದ್ರು, ಒಂದು ಅಪಾಯದ ಕರೆಯೂ ಬರಲಿಲ್ಲ. ಸಿಬ್ಬಂದಿಯ ತಪ್ಪೇ ಇರಬೇಕು ಅನ್ನೋ ಮಾತೂ ಬಂತು. ಸತ್ತವರ ಮನೆಯವರು, ಅಪ್ಪ ಅಮ್ಮ, ಹೆಂಡತಿ, ಅಕ್ಕ ತಂಗಿ, ಇಪ್ಪತ್ತು ವರ್ಷ ಬಿಡದೆ ಹೋರಾಡಿದ್ರು. 1994ರಲ್ಲಿ 4 ಕಿಲೋಮೀಟರ್ ಆಳದಲ್ಲಿ ಅವಶೇಷ ಹುಡುಕಿದ್ರು, 2000ದಲ್ಲಿ ಮರುತನಿಖೆಯ ವರದಿ ಬಂತು. ಮೂತಿಯ ಗಾಳಿ ಕೊಳವೆಗಳು ಮುರಿದು ನೀರು ಒಳಗೆ ಹೋಗಿ, ಮೂತಿ ಸ್ವಲ್ಪ ಸ್ವಲ್ಪ ತಗ್ಗಿ, ಕೊನೆಗೆ ಒಂದನೇ ಹ್ಯಾಚ್ ಕವರ್ ಅಲೆಯ ಭಾರಕ್ಕೆ ಕುಸೀತು ಅಂತ. ನಮ್ಮ ಹಡಗಲ್ಲಿ ಆದದ್ದು ಅದರ ಮೊದಲ ಮೆಟ್ಟಿಲು.

ಆ ಮನೆಯವರ ಹೋರಾಟದ ಫಲ ನಿಮ್ಮ ಮಗನ ಹಡಗಲ್ಲೇ ಉಂಟು ಅಕ್ಕಾ. ಆಮೇಲಿನ ನಿಯಮದಲ್ಲಿ ಮುಂದಿನ ಹ್ಯಾಚ್ ಕವರುಗಳು ಹೆಚ್ಚು ಗಟ್ಟಿ, ಮೂತಿಯ ಕೊಳವೆಗಳೂ ಗಟ್ಟಿ, 2004ರಿಂದ ಬಲ್ಕ್ ಕ್ಯಾರಿಯರುಗಳ ಸರಕು ತುಂಬೋ ಹೋಲ್ಡಿಗೆ ನೀರು ಬಂದ್ರೆ ಹಡಗು ನಡೆಸೋ ಕೋಣೆ ಬ್ರಿಜ್ಜಲ್ಲಿ ಅಲಾರಂ ಹೊಡ್ಕೊಳ್ತದೆ. ಉಪಗ್ರಹದಿಂದ ಹವಾಮಾನ ಬರ್ತದೆ, ಬಿರುಗಾಳಿ ಮೂರು ನಾಲ್ಕು ದಿನ ಮೊದಲೇ ಗೊತ್ತಾಗ್ತದೆ, ಬೇಕಾದ್ರೆ ಕಾದು ದಾಟಬಹುದು. ಹಾಗಂತ ಈಗ ಏನೂ ಆಗೋದಿಲ್ಲ ಅಂತ ಅಲ್ಲ, 2024ರ ಜುಲೈನಲ್ಲಿ ಸಿಎಂಎ ಸಿಜಿಎಂ ಬೆಂಜಮಿನ್ ಫ್ರಾಂಕ್ಲಿನ್ ಅನ್ನೋ ದೈತ್ಯ ಕಂಟೇನರ್ ಹಡಗಿಂದ ಇದೇ ಕರಾವಳಿಯ ಬಿರುಗಾಳಿಯಲ್ಲಿ 44 ಕಂಟೇನರ್ ಸಮುದ್ರಕ್ಕೆ ಬಿತ್ತು. ಹಡಗು ಉಳೀತು.

ಹಾಯಿದೋಣಿ ಕೇಳಿದ್ರಲ್ಲ. ಅದರದ್ದು ಬೇರೆ ಬದುಕು. ಉದ್ದದ ಹಡಗು ಎರಡು ಅಲೆಯ ಮಧ್ಯ ಸೇತುವೆ ಹಾಗೆ ಸಿಕ್ಕಿಹಾಕ್ಕೊಳ್ತದೆ, ಸಣ್ಣ ದೋಣಿ ಕಾರ್ಕಿನ ಹಾಗೆ ಏರಿ ಇಳೀತದೆ, ಅಲೆ ಮುರಿಯದೇ ಇದ್ರೆ 15 ಮೀಟರ್ ಅಲೆಯೂ ಅದಕ್ಕೆ ಬೆಟ್ಟ ಹತ್ತಿ ಇಳಿದ ಹಾಗೆ. ಮುರಿದು ಮಗ್ಗುಲಿಗೆ ಬಿದ್ರೆ ಮಾತ್ರ ಕಥೆ ಬೇರೆ. 1979ರ ಫಾಸ್ಟ್‌ನೆಟ್ ಹಾಯಿದೋಣಿ ರೇಸಲ್ಲಿ 303 ದೋಣಿ ಹೊರಟಿದ್ವು, 15 ಜನ ಸ್ಪರ್ಧಿಗಳು ಸತ್ರು. ಆಮೇಲೆ ಇಂಗ್ಲೆಂಡಲ್ಲಿ ಮಾದರಿ ದೋಣಿಗಳನ್ನ ತೊಟ್ಟಿಯಲ್ಲಿ ಬಿಟ್ಟು ಪರೀಕ್ಷೆ ಮಾಡಿದಾಗ, ದೋಣಿ ಉದ್ದದ ಮೂವತ್ತು ಪರ್ಸೆಂಟ್ ಎತ್ತರದ ಮುರಿಯೋ ಅಲೆ ಮಗ್ಗುಲಿಗೆ ಬಿದ್ರೆ ಕೆಲವು ಮಗುಚಿದ್ವು, ಅರವತ್ತು ಪರ್ಸೆಂಟ್ ಆದ್ರೆ ಎಲ್ಲವೂ ಮಗುಚಿದ್ವು. 32 ಅಡಿ ದೋಣಿಗೆ ಲೆಕ್ಕ ಹಾಕಿ, ಮೂರು ಮೀಟರ್ ಸಾಕು ಅಪಾಯಕ್ಕೆ.

ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಒಬ್ಬೊಬ್ರೇ ಭೂಮಿ ಸುತ್ತೋ ಗೋಲ್ಡನ್ ಗ್ಲೋಬ್ ರೇಸಲ್ಲಿ ತುರಿಯಾ ಅನ್ನೋ ಅಂಥದ್ದೇ ಸಣ್ಣ ದೋಣಿಯಲ್ಲಿ ಒಬ್ಬರೇ ಇದ್ರು. ಸೆಪ್ಟೆಂಬರ್ 21ರ ಹೊತ್ತಿಗೆ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಉರುಳಿ ಕಂಬ ಮುರೀತು, ಬೆನ್ನಿಗೆ ಪೆಟ್ಟಾಗಿ ಎದ್ದು ನಡೆಯೋಕೆ ಆಗದೆ ಬಂಕಲ್ಲೇ ಮಲಗಿದ್ರು, ಮೂರು ದಿನದ ಮೇಲೆ ಫ್ರಾನ್ಸಿನ ಒಸಿರಿಸ್ ಹಡಗಿನವರು ಎತ್ತಿಕೊಂಡ್ರು. ಆದ್ರೆ ನೋಡಿ, ದೋಣಿ ಉರುಳಿದ್ದು ಮತ್ತೆ ನೆಟ್ಟಗಾಯ್ತು, ಅದಕ್ಕೇ ಅವರು ಬದುಕಿದ್ದು. ದೋಣಿಯ ಅಡಿಯಲ್ಲಿ ಕೀಲ್ ಅಂತ ಇರೋ ಭಾರ, ಬೀಳಿಸಿದ್ರೂ ಎದ್ದು ನಿಲ್ಲೋ ಗೊಂಬೆಯ ಬುಡದ ತೂಕದ ಹಾಗೆ ಕೆಲಸ ಮಾಡ್ತದೆ, ಒಳಗೆ ನೀರು ತುಂಬದೇ ಇದ್ರೆ ಅದು ಏಳ್ತದೆ. ಅಂಥ ಪೆಟ್ಟು ತಿಂದ ಮನುಷ್ಯ ಮತ್ತೆ ಅದೇ ರೇಸಿಗೆ ಹೋಗಿ 2023ರಲ್ಲಿ ಎರಡನೇ ಸ್ಥಾನ ಪಡೆದ್ರು, ಅವರ ಹೆಸರು ಹೇಳುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ನಿಮ್ಮ ಮಗನಿಗೆ ಹೇಳೋದು ಎರಡೇ ಮಾತು. ಡರ್ಬನ್ ದಾಟೋದಕ್ಕಿಂತ ಮೊದಲು ಮೂತಿಯ ಕೊಳವೆಗಳ ಮುಚ್ಚಳ, ಸ್ಟೋರಿನ ಬಾಗಿಲು, ಹ್ಯಾಚ್ ಕವರಿನ ಕ್ಲೀಟು ಬಿಗಿ ಮಾಡೋ ಕೆಲಸಕ್ಕೆ ಕೆಡೆಟ್‌ಗಳನ್ನೇ ಕಳಿಸ್ತಾರೆ, ಚಳಿ ಅಂತ ಒಂದನ್ನೂ ಬಿಡಬೇಡ, ಎಲ್ಲದರ ಮೇಲೂ ಕೈ ಇಟ್ಟು ನೋಡು ಅನ್ನಿ. ಎರಡನೇದು, ಅಲೆ ಜೋರಿದ್ದಾಗ ಫೋಟೋಗೆ, ವಿಡಿಯೋಗೆ ಅಂತ ಡೆಕ್ಕಿಗೆ ಕಾಲಿಡಬೇಡ ಅನ್ನಿ, ಹಡಗು ಗಟ್ಟಿ ಇದ್ರೂ ಡೆಕ್ಕಿನ ಮೇಲಿದ್ದ ಮನುಷ್ಯನನ್ನ ಒಂದು ಮಾಮೂಲಿ ಅಲೆಯೂ ತಗೊಂಡು ಹೋಗ್ತದೆ.

ನೀವು ಮೊಬೈಲಲ್ಲಿ ಹಡಗು ಎಲ್ಲಿದೆ ಅಂತ ನೋಡೋ ಆ್ಯಪ್ ಹಾಕ್ಕೊಂಡಿರ್ತೀರಿ, ಎಲ್ಲಾ ಅಮ್ಮಂದಿರೂ ಹಾಕ್ಕೊಳ್ತಾರೆ. ಬಿಟ್ಟಿ ಆ್ಯಪಲ್ಲಿ ಹೆಚ್ಚಾಗಿ ದಡದ ಸ್ಟೇಷನ್ನಿಗೆ ಸಿಕ್ಕಿದ ಸಿಗ್ನಲ್ ಮಾತ್ರ ಕಾಣೋದು, ಹಡಗು ದಡದಿಂದ ದೂರ ಹೋದ ಕೂಡಲೇ ಗುರುತು ನಿಂತಲ್ಲೇ ನಿಂತಿರ್ತದೆ, ದಿನಗಟ್ಟಲೆ. ಹಡಗಿಗೆ ಏನೋ ಆಯ್ತು ಅಂತ ಅಲ್ಲ. ಆಫ್ರಿಕಾ ದಡ ಹತ್ತಿರ ಆದಾಗ ಮತ್ತೆ ಕಾಣ್ತದೆ. ಆಗ ನೋಡಿ, ಹಡಗು ದಡಕ್ಕೆ ತೀರಾ ಹತ್ತಿರ ಹೋಗ್ತಾ ಇದ್ರೆ, 13 ಇದ್ದ ಸ್ಪೀಡು 6ಕ್ಕೆ ಇಳಿದಿದ್ರೆ ಹೆದರಬೇಡಿ, ಅಲ್ಲಿ ನೈಋತ್ಯ ಗಾಳಿ ಬಂದಿದೆ, ನಿಮ್ಮ ಮಗನ ಕ್ಯಾಪ್ಟನ್ ಗೆರೆಯ ಒಳಗೆ ಬಂದಿದ್ದಾರೆ.